ಬಳಿ ಹ್ಯಾಂಗ ಒಡೀತು ಅಂತ ಹೇಳ್ರಿ: ಕಳಸಾಪುರದ ತಾಯಂದಿರಿಗೆ ಬಹಿರಂಗ ಪತ್ರ

ಕಳಸಾಪುರದ ನನ್ನ ಅವ್ವಂದಿರೇ, ಅಕ್ಕಂದಿರೇ, ವೈನಿಯರೇ,

ಅಪ್ಪನ ವರ್ಷದ ಪುಣ್ಯತಿಥಿಯ ದಿನ ನಮ್ಮ ಹಿತ್ತಲಲ್ಲಿ ಒಲೆ ಹೂಡಿ ನೀವೆಲ್ಲ ರೊಟ್ಟಿ ಬಡಿಯುತ್ತ ಕೂತಿದ್ದಿರಿ. ಮಾತಿಗೆ ಮಾತು ಬಂದು ನಿಮ್ಮಲ್ಲೊಬ್ಬರು ಅಂದರು: "ನಮ್ಮ ಮನಿಯವ್ರೂ ಎರಡ ವರ್ಷ ಆತು, ಬೆಳಗಿನ ಜಾವ ನಿದ್ದಿಯೊಳಗ ಚೀರ್ತಾರ. ಮೊನ್ನೆ ಝಾಡಿಸಿ ಒದ್ರು, ನಾ ಹೊರಸಿನಿಂದ ಕೆಳಗ ಬಿದ್ದೆ." ಎಲ್ಲರೂ ನಕ್ಕಿರಿ. "ಗಾಳಿ ಸೋಕೇತಿ, ಒಂದ ತಾಯತ ಕಟ್ಟಸ್ರಿ" ಅಂದರು ಹಿರಿಯರೊಬ್ಬರು. ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದ ಇನ್ನೊಬ್ಬರು ಮಾತ್ರ ನಗಲಿಲ್ಲ. ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡರು. ನಾನು ನೋಡಿದೆ. ಪಂಕ್ತಿ ಕೂಡ್ರುವ ಹೊತ್ತು, ಬಡಿಸುವ ಗದ್ದಲ. ಏನೂ ಹೇಳದೆ ರೊಟ್ಟಿ ಬುಟ್ಟಿ ಎತ್ತಿಕೊಂಡು ಹೋದೆ. ಧಾರವಾಡಕ್ಕೆ ಮರಳಿದ ಮೇಲೂ ಆ ಸೆರಗು ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಒಬ್ಬರ ಮನೆಗೇ ಹೋಗಿ ಹೇಳಿದರೆ ಊರೆಲ್ಲ ಅವರನ್ನೇ ನೋಡುತ್ತದೆ. ಅದಕ್ಕೆ ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯದನ್ನೇ ಹೇಳುತ್ತೇನೆ. ಅಪ್ಪನನ್ನು ನೀವೆಲ್ಲ ಬಲ್ಲಿರಿ. ಎರಿ ಹೊಲದ ಮನುಷ್ಯ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಎತ್ತಿನ ಮೇಲೂ ಬಾರುಕೋಲು ಬೀಸಿದವನಲ್ಲ. ಅವನಿಗೆ 54 ಇದ್ದಾಗ ರಾತ್ರಿಗಳು ಕೆಟ್ಟವು. ಮೊದಲು ಬರೀ ಕನವರಿಕೆ. ಆಮೇಲೆ ಕೂಗು. "ತ್ವಾಳ ಬಂತು, ಹೊಡಿ, ಹೊಡಿ" ಎಂದು ಚೀರುತ್ತ ಕೈ ಬೀಸುತ್ತಿದ್ದ. ಕನಸಿನ ತೋಳಕ್ಕೆ ಬೀಳಬೇಕಾದ ಏಟು ಪಕ್ಕದಲ್ಲಿ ಮಲಗಿದ ಅವ್ವನಿಗೆ ಬೀಳುತ್ತಿತ್ತು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಅದಕ್ಕೂ ಮೊದಲು ನಡೆದದ್ದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಒಂದು ಪಂಚಮಿಗೆ ತವರಿಗೆ ಬಂದಿದ್ದೆ. ಅವ್ವನ ಕಣ್ಣ ಕೆಳಗೆ ಕಪ್ಪಾಗಿ ಬಾತಿತ್ತು. ಬಲಗೈಯಲ್ಲಿ ಬಳೆಗಳಿರಲಿಲ್ಲ, ಗೀರುಗಳಿದ್ದವು. "ಭಾಂಡೆ ತಿಕ್ಕೋವಾಗ ಬಳಿ ಒಡದ್ವವ್ವಾ, ಕಣ್ಣಿಗೆ ಬಾಗಲಾ ಬಡೀತು" ಅಂದಳು. ನಾನು ನಂಬಲಿಲ್ಲ. ಅಪ್ಪ ವಯಸ್ಸಾದ ಮೇಲೆ ಕೈ ಎತ್ತಲು ಕಲಿತಿದ್ದಾನೆ ಎಂದುಕೊಂಡೆ. ಅವನ ಜೊತೆ ಮಾತು ಬಿಟ್ಟೆ. ಪಂಚಮಿಯಿಂದ ಯುಗಾದಿಯವರೆಗೆ ಫೋನು ಅವ್ವನಿಗಷ್ಟೇ. ಅಪ್ಪನಿಗೆ ನನ್ನ ಸಿಟ್ಟಿನ ಕಾರಣ ತಿಳಿದಿತ್ತಂತೆ. "ನಿದ್ದಿಯೊಳಗ ಹೊಡದೀನಿ ಅಂದ್ರ ಯಾವ ಮಗಳು ನಂಬತಾಳ" ಎಂದು ಅವ್ವನ ಮುಂದೆ ಅತ್ತಿದ್ದನಂತೆ.

ಅವನ 63ನೇ ವಯಸ್ಸಿನಲ್ಲಿ ಎಡಗೈ ನಡುಗತೊಡಗಿತು. ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಹಿಡಿಯುತ್ತಿತ್ತು. ನರರೋಗದ ಡಾಕ್ಟರರ ಹತ್ತಿರ ಕರೆದೊಯ್ದೆವು. ಅವರು ಅಪ್ಪನ ಕೈ ಮಡಿಚಿ ಬಿಚ್ಚಿ ನೋಡಿದರು, ನಡೆಸಿ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, "ಯಜಮಾನ್ರು ರಾತ್ರಿ ನಿದ್ದಿಯೊಳಗ ಕೈಕಾಲು ಬಡೀತಾರೇನ್ರೀ ಅಮ್ಮಾ?" ಎಂದು ಕೇಳಿದರು. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಒಂಬತ್ತು ವರ್ಷ ಆತ್ರಿ" ಅಂದಳು. ನಾನು ಅಲ್ಲೇ ಕುಸಿದು ಕೂತೆ.

ಆ ಕಾಯಿಲೆಯ ಹೆಸರು ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್. ಹೆಸರು ಉದ್ದ, ಸಂಗತಿ ಸಣ್ಣದು. ತೊಟ್ಟಿಲಲ್ಲಿ ಮಲಗಿದ ಕೂಸಿನ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಗುಡ್ಡೆ ಸರಸರ ಓಡಾಡುವುದನ್ನು ನೀವೆಲ್ಲ ನೋಡಿದ್ದೀರಿ. ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಎಂಬ ಸಂಶೋಧಕನೂ ಮಲಗಿದ ಕೂಸುಗಳ ಕಣ್ಣು ನೋಡುತ್ತಲೇ ಶುರುಮಾಡಿದ. 1953ರಲ್ಲಿ ಅವನೂ ಅವನ ಗುರು ಕ್ಲೈಟ್‌ಮನ್ನನೂ ಅದನ್ನು ದೊಡ್ಡವರಲ್ಲಿ ಅಳೆದು, ಗಾಢ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ ಎಂದು ತೋರಿಸಿದರು. ಅದು ರೆಮ್ ನಿದ್ದೆ. ನಮ್ಮ ಮಾತಿನಲ್ಲಿ ಕನಸಿನ ನಿದ್ದೆ. ಸುಮಾರು ಒಂದೂವರೆ ತಾಸಿಗೊಮ್ಮೆ ಬಂದು ಹೋಗುತ್ತದೆ. ಬೆಳಗಾಗುತ್ತ ಬಂದಂತೆ ಅದರ ಸರದಿ ಉದ್ದವಾಗುತ್ತದೆ. ನಿಮ್ಮ ಮನೆಯವರು ಚೀರುವುದು ಬೆಳಗಿನ ಜಾವವೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ದೆವ್ವಗಳ ಹೊತ್ತಿಗೂ ಇದಕ್ಕೂ ಸಂಬಂಧವಿಲ್ಲ.

ಕನಸಿನಲ್ಲಿ ನಾವೆಲ್ಲ ಓಡುತ್ತೇವೆ, ಜಗಳಾಡುತ್ತೇವೆ, ಬಾವಿಗೆ ಬೀಳುತ್ತೇವೆ. ಆದರೂ ಮೈ ಅಲುಗುವುದಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಮೆದುಳು ಕೈಕಾಲುಗಳಿಗೆ ಅಗಳಿ ಹಾಕಿರುತ್ತದೆ. ಉಸಿರಾಟದ, ಕಣ್ಣಿನ ಸ್ನಾಯುಗಳನ್ನು ಬಿಟ್ಟು ಉಳಿದವೆಲ್ಲ ಸಡಿಲ. ಆ ಅಗಳಿ ಇರುವುದು ಮೆದುಳಿನ ಬುಡದಲ್ಲಿ, ಕತ್ತಿಗಿಂತ ಸ್ವಲ್ಪ ಮೇಲಿರುವ ಕಾಂಡದಲ್ಲಿ. ಫ್ರಾನ್ಸಿನ ಲಿಯೋಂ ಪಟ್ಟಣದಲ್ಲಿ ಮಿಷೆಲ್ ಜುವೆ ಎಂಬ ವಿಜ್ಞಾನಿ 1960ರ ದಶಕದಲ್ಲಿ ಬೆಕ್ಕುಗಳ ಮೆದುಳಿನಲ್ಲಿ ಆ ಜಾಗಕ್ಕೆ ಪೆಟ್ಟು ಮಾಡಿ ನೋಡಿದ. ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಇಲಿಯ ಮೇಲೆ ಎಗರಿದವು. ಮನುಷ್ಯರಲ್ಲೂ ಹಾಗಾಗುತ್ತದೆ ಎಂದು 1986ರಲ್ಲಿ ಬರೆದವರು ಅಮೆರಿಕದ ಮಿನಿಯಾಪೊಲಿಸ್‌ನ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಅವರ ಸಂಗಡಿಗರು. ಅವರ ಮುಂದೆ ಬಂದವರು ಐದು ಜನ. ನಾಲ್ವರು 67ರಿಂದ 72 ವರ್ಷದ ಗಂಡಸರು. ನಿದ್ದೆಯಲ್ಲಿ ತಮಗೋ ಹೆಂಡತಿಗೋ ಗಾಯ ಮಾಡಿಕೊಂಡವರು. ಐದನೆಯವಳು 60 ವರ್ಷದ ಹೆಣ್ಣುಮಗಳು. ಅದನ್ನು ಮೊದಲ ಸಲ ಓದಿದಾಗ, ಏಳು ಸಮುದ್ರದಾಚೆಯ ಆ ಹೆಂಡಂದಿರೂ ನೆರೆಹೊರೆಯವರಿಗೆ ಬಾಗಿಲು ಬಡಿಯಿತು ಎಂದೇ ಹೇಳಿರಬೇಕು ಅನ್ನಿಸಿತು.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಶೆಂಕ್ ಮತ್ತು ಅವರ ಜೊತೆಗಾರರು ಇಂಥ ಗಂಡಸರನ್ನು ಬಿಡದೆ ವರ್ಷಗಟ್ಟಲೆ ನೋಡುತ್ತ ಹೋದರು. ಬೇರೆ ಯಾವ ಕಾಯಿಲೆಯೂ ಕಾಣದಿದ್ದ 29 ಜನರಲ್ಲಿ 11 ಮಂದಿಗೆ ಪಾರ್ಕಿನ್ಸನ್ ಥರದ ಕಾಯಿಲೆ ಬಂದಿತ್ತು ಎಂದು 1996ರಲ್ಲಿ ತಿಳಿಸಿದರು. 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ 26ರಲ್ಲಿ 21 ಮಂದಿಗೆ ಪಾರ್ಕಿನ್ಸನ್ನೋ ಮರೆವಿನ ಕಾಯಿಲೆಯೋ ಬಂದಿತ್ತು. 2019ರಲ್ಲಿ ಬೇರೆ ಬೇರೆ ದೇಶಗಳ 24 ಕೇಂದ್ರಗಳು ಸೇರಿ 1280 ಜನರನ್ನು ನೋಡಿದವು: ವರ್ಷಕ್ಕೆ ನೂರರಲ್ಲಿ ಆರು ಮಂದಿಯ ಹಾಗೆ, 12 ವರ್ಷದ ಹೊತ್ತಿಗೆ ನೂರರಲ್ಲಿ ಎಪ್ಪತ್ಮೂರು ಮಂದಿ ಆ ದಾರಿ ಹಿಡಿದಿದ್ದರು. ಮೂರು ದಾರಿಗಳವು. ಒಂದು, ನಡುಕ ಮತ್ತು ನಿಧಾನಗತಿಯ ಪಾರ್ಕಿನ್ಸನ್. ಎರಡು, ಇಲ್ಲದವರು ಕಾಣುವ, ಮರೆವು ಬರುವ ಲೂಯಿ ಬಾಡಿ ಡಿಮೆನ್ಷಿಯಾ. ಮೂರನೆಯದು ಅಪರೂಪ: ರಕ್ತದೊತ್ತಡ, ಮೂತ್ರ, ನಡಿಗೆ ಎಲ್ಲ ಹದ ತಪ್ಪುವ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ.

ಕನಸಿಗೂ ನಡುಕಕ್ಕೂ ಏನು ಸಂಬಂಧ? ನೀವು ಉಳ್ಳಾಗಡ್ಡಿ ವಖಾರಿಯನ್ನು ನೆನೆಯಿರಿ. ಕೊಳೆ ಹತ್ತುವುದು ತಳದಲ್ಲಿ. ಮೇಲಿನ ಪದರ ಗಟ್ಟಿಯಾಗಿ, ಕೆಂಪಗೆ ಹೊಳೆಯುತ್ತಿರುತ್ತದೆ. ಮೇಲಿನ ಗಡ್ಡೆ ಮೆತ್ತಗಾಗುವ ಹೊತ್ತಿಗೆ ಅಡಿಯಲ್ಲಿ ಎಷ್ಟೋ ಹೋಗಿರುತ್ತದೆ. ನಮ್ಮ ನರಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಇರುತ್ತದೆ. ಅದು ಮಡಿಕೆ ತಪ್ಪಿ ಮುದ್ದೆಗಟ್ಟಿದರೆ ಕೋಶ ಸಾಯುತ್ತದೆ. ಆ ಮುದ್ದೆಗಳನ್ನು 1912ರಲ್ಲೇ ಫ್ರೆಡ್ರಿಕ್ ಲೂಯಿ ನೋಡಿದ್ದ. ಒಳಗಿರುವುದು ಯಾವ ಪ್ರೋಟೀನು ಎಂದು ತಿಳಿದದ್ದು 1997ರಲ್ಲಿ. ಜರ್ಮನಿಯ ಬ್ರಾಕ್ ಎಂಬ ವೈದ್ಯರು ಸತ್ತವರ ಮೆದುಳುಗಳನ್ನು ಹೋಲಿಸಿ, ಬಹಳ ಜನರಲ್ಲಿ ಈ ಕೊಳೆಯು ವಾಸನೆ ಹಿಡಿಯುವ ನರಗಳಲ್ಲಿ ಮತ್ತು ಮೆದುಳ ಕಾಂಡದ ಬುಡದಲ್ಲಿ ಶುರುವಾಗಿ ಮೇಲೇರುತ್ತದೆ ಎಂದು 2003ರಲ್ಲಿ ತೋರಿಸಿದರು. ದಾರಿಯಲ್ಲಿ ಕನಸಿನ ಅಗಳಿ ಸಿಗುತ್ತದೆ. ಅದು ಮುರಿಯುತ್ತದೆ. ಕೈ ನಡುಗಿಸುವ ಜಾಗಕ್ಕೆ ಕೊಳೆ ಮುಟ್ಟುವುದು ಆಮೇಲೆ. ಎಲ್ಲರಲ್ಲೂ ಇದೇ ಕ್ರಮ ಎಂದಲ್ಲ, ಆದರೆ ನಮ್ಮ ಅಪ್ಪನಲ್ಲಿ ಹೀಗೇ ಆಯಿತು.

ವಖಾರಿಯ ಮಾತು ಸುಮ್ಮನೆ ಎತ್ತಲಿಲ್ಲ. ಬಾಗಿಲು ತೆಗೆದ ಕೂಡಲೇ ಮೂಗಿನಲ್ಲೇ ಕೊಳೆತ ಗಡ್ಡೆ ಹುಡುಕುತ್ತಿದ್ದ ಅಪ್ಪ, ಒಂದು ವರ್ಷ ಅರ್ಧ ರಾಶಿ ಕೊಳೆತು ನೀರು ಸುರಿದರೂ ಗಮನಿಸಲಿಲ್ಲ. ಬೇಜವಾಬ್ದಾರಿ ಎಂದು ಅಣ್ಣ ಬೈದ. ವಾಸನೆ ಹೋಗುವುದು, ವರ್ಷಗಟ್ಟಲೆ ಮಲಬದ್ಧತೆ, ಕಾರಣವಿಲ್ಲದ ಮಂಕು, ಇವೂ ನಡುಕಕ್ಕೆ ಎಷ್ಟೋ ಮೊದಲೇ ಬರಬಹುದಾದ ಸೂಚನೆಗಳು. ನಾವು ಒಂದೊಂದಕ್ಕೂ ಒಂದೊಂದು ಕಾರಣ ಕೊಟ್ಟುಕೊಂಡೆವು. ಮೂಗಿಗೆ ನೆಗಡಿ, ಹೊಟ್ಟೆಗೆ ಕಡಲೆ, ರಾತ್ರಿಗೆ ಗಾಳಿ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಹೊಡೆದವನು ಎಚ್ಚರಿದ್ದನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಈ ಕಾಯಿಲೆಯಲ್ಲಿ ಕಣ್ಣು ಸಾಮಾನ್ಯವಾಗಿ ಮುಚ್ಚಿರುತ್ತದೆ. ಮಲಗಿದಲ್ಲೇ ಗುದ್ದಾಟ, ಒದೆತ. ಬಹಳವೆಂದರೆ ಹೊರಸಿನಿಂದ ಉರುಳುತ್ತಾರೆ, ಊರೆಲ್ಲ ಅಲೆಯುವುದಿಲ್ಲ. ಹೆಸರು ಹಿಡಿದು ಕೂಗಿದರೆ ಬೇಗ ಎಚ್ಚರಾಗುತ್ತಾರೆ, ಮೈಮೇಲೆ ಅರಿವು ಬರುತ್ತದೆ, ಕನಸನ್ನೂ ಹೇಳುತ್ತಾರೆ: ತೋಳ, ಹೋರಿ, ಕಳ್ಳ. ಇಂಥವರ ಕನಸಿನಲ್ಲಿ ಹೊಡೆದಾಟ ಹೆಚ್ಚು, ಆದರೆ ಹಗಲಿನ ಸ್ವಭಾವದಲ್ಲಿ ಉಳಿದವರಿಗಿಂತ ಹೆಚ್ಚಿನ ಸಿಟ್ಟಿಲ್ಲ ಎಂದು ಇಟಲಿಯ ಸಂಶೋಧಕರು 2005ರಲ್ಲಿ ಅಳೆದು ಹೇಳಿದ್ದಾರೆ. ಕುಡಿದು ಬಂದು ಎಚ್ಚರವಿದ್ದು ಕೈ ಎತ್ತುವವನಿಗೆ ಈ ಪತ್ರ ನೆಪವಾಗಬಾರದು. ಅದು ಕಾಯಿಲೆಯಲ್ಲ. ಅದನ್ನು ಸಹಿಸಬೇಡಿ.

ನಿದ್ದೆಯಲ್ಲಿ ಬಡಬಡಿಸಿದವರಿಗೆಲ್ಲ ಪಾರ್ಕಿನ್ಸನ್ ಬರುತ್ತದೆ ಎಂದೂ ತಿಳಿಯಬೇಡಿ. ಗೊರಕೆ ಹೊಡೆದು ಉಸಿರು ಕಟ್ಟುವವರು ಒದ್ದಾಡಿ ಏಳುವುದು ಹೀಗೇ ಕಾಣುತ್ತದೆ. ಮನಸ್ಸಿನ ಬೇನೆಗೆ ಕೊಡುವ ಕೆಲವು ಗುಳಿಗೆಗಳಿಂದ, ದಿಢೀರನೆ ಕುಡಿತ ಬಿಟ್ಟಾಗ, ಹೀಗಾಗುವುದುಂಟು. ಮೂರ್ಛೆರೋಗವೂ ಇರಬಹುದು. ಮಕ್ಕಳು ರಾತ್ರಿಯ ಮೊದಲ ಜಾವ ಎದ್ದು ನಡೆಯುವುದು ಬೇರೆಯೇ ಸಂಗತಿ. ಐವತ್ತು ದಾಟಿದವರಲ್ಲಿ ಇದು ಹೊಸದಾಗಿ ಶುರುವಾಗಿ ಮತ್ತೆ ಮತ್ತೆ ಬಂದರೆ ಡಾಕ್ಟರರ ಹತ್ತಿರ ಹೋಗಬೇಕು. ತಲೆಗೆ ವಯರು ಹಚ್ಚಿ, ವಿಡಿಯೋ ಹಿಡಿದು, ಇಡೀ ರಾತ್ರಿ ಮಲಗಿಸಿ ನೋಡುವ ಪಾಲಿಸಾಮ್ನೋಗ್ರಫಿ ಪರೀಕ್ಷೆಯೇ ಇದನ್ನು ಖಚಿತ ಮಾಡುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಆದರೆ ಮೊದಲ ಹೆಜ್ಜೆಗೆ ಬೆಂಗಳೂರು ಬೇಡ. ಗದಗದ ಜಿಮ್ಸ್‌ನಲ್ಲೋ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಆಸ್ಪತ್ರೆಯಲ್ಲೋ, ಧಾರವಾಡದ ಡಿಮ್ಹಾನ್ಸ್‌ನಲ್ಲೋ ಬಾಯಿ ಬಿಟ್ಟು ಹೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ನಿಮ್ಹಾನ್ಸ್ ವೈದ್ಯರು ಪಾರ್ಕಿನ್ಸನ್ ರೋಗಿಗಳ ಈ ತೊಂದರೆಯ ಬಗ್ಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಪ್ರಶ್ನೆ ಕೇಳಿ ಉತ್ತರ ಪಡೆದು ಮಾಡಿದ್ದು. ಮಲಗಿದವನಿಗೆ ತಾನು ಮಾಡಿದ್ದು ಗೊತ್ತಿರುವುದಿಲ್ಲ. ಅದಕ್ಕೆ ಸಾಕ್ಷಿ ನೀವೊಬ್ಬರೇ. ನೀವು ಹೇಳದಿದ್ದರೆ ಯಾವ ಡಾಕ್ಟರರಿಗೂ ಅದು ಕಾಣುವುದಿಲ್ಲ.

ಹೇಳಿ ಏನು ಪ್ರಯೋಜನ ಎಂದು ಅವ್ವ ನನ್ನನ್ನು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಆ ಕೊಳೆ ಮೇಲೇರುವುದನ್ನು ತಡೆಯುತ್ತದೆ ಎಂದು ಸಾಬೀತಾದ ಔಷಧ ಇನ್ನೂ ಇಲ್ಲ. ಸುಳ್ಳು ಭರವಸೆ ಕೊಡಲಾರೆ. ಆದರೆ ರಾತ್ರಿಯ ಹೊಡೆದಾಟ ತಗ್ಗಿಸಲು ಮೆಲಟೋನಿನ್, ಕ್ಲೊನಾಜೆಪಾಮ್ ಎಂಬ ಗುಳಿಗೆಗಳಿವೆ. ಎರಡನೆಯದು ಮುದುಕರಲ್ಲಿ ಜೋಲಿ ಹೊಡೆಸಿ ಬೀಳಿಸಬಹುದು, ಉಸಿರು ಕಟ್ಟುವ ಗೊರಕೆಯವರಿಗೆ ಅಪಾಯ. ಅಂಗಡಿಯಿಂದ ತಂದು ಕೊಡುವಂಥದ್ದಲ್ಲ. ಇನ್ನೊಂದು ಕಾರಣ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ನಮ್ಮ ಸಂಬಂಧಿಕರೊಬ್ಬರಿಗೆ ರಾತ್ರಿ ಹೀಗೇ ಆಗುತ್ತಿತ್ತು. ಕೆಲವು ವರ್ಷಗಳ ಮೇಲೆ ಹಗಲಲ್ಲೇ "ಪಡಸಾಲ್ಯಾಗ ಸಣ್ಣ ಹುಡುಗ್ರು ಕುಂತಾರ" ಎನ್ನತೊಡಗಿದರು. ಹುಚ್ಚೆಂದು ತಿಳಿದು ಒಂದು ಆಸ್ಪತ್ರೆಯಲ್ಲಿ ಹ್ಯಾಲೊಪೆರಿಡಾಲ್ ಸೂಜಿ ಕೊಡಿಸಿದರು. ಮೈ ಮರಗಟ್ಟಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಲೂಯಿ ಬಾಡಿ ಡಿಮೆನ್ಷಿಯಾ ಇದ್ದವರಿಗೆ ಆ ಥರದ ಔಷಧ ಜೀವಕ್ಕೇ ಎರವಾಗಬಲ್ಲದು. ಅವರ ರಾತ್ರಿಗಳ ಕಥೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ಮನೆಯವರೂ ಹೇಳಿರಲಿಲ್ಲ.

ಇವತ್ತೇ ಮಾಡಬೇಕಾದದ್ದು ಮನೆಯೊಳಗೇ ಇದೆ. ಮಲಗುವ ಕಡೆ ಗೋಡೆಗೆ ಸಿಕ್ಕಿಸಿದ ಕುಡಗೋಲು, ಮೂಲೆಯ ಕೊಡಲಿ ತೆಗೆದಿಡಿ. ಎತ್ತರದ ಮಂಚ ಬಿಟ್ಟು ನೆಲಕ್ಕೆ ಕೌದಿ ಹಾಸಿ. ಬೇರೆ ಮಲಗಿ. ಬೇರೆ ಮಲಗುವುದು ಸಂಸಾರ ಕೆಟ್ಟ ಲಕ್ಷಣವಲ್ಲ. ಅತ್ತೆಯಂದಿರೇ, ಸೊಸೆ ಪಡಸಾಲೆಗೆ ಹಾಸಿಗೆ ತಂದರೆ ಹುಬ್ಬು ಏರಿಸಬೇಡಿ. ಚೀರುವವರನ್ನು ಮೈಮೇಲೆ ಬಿದ್ದು ಅಲುಗಿಸಬೇಡಿ, ದೂರ ನಿಂತು ಹೆಸರು ಹಿಡಿದು ಕೂಗಿ. ಗಂಡನ ಹೆಸರು ಹೇಳಬಾರದೆಂಬ ರೂಢಿ ಆ ಹೊತ್ತಿಗೆ ಬೇಡ. ಮಗನ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಹಿಡಿಸಿ. ನಮ್ಮ ಡಾಕ್ಟರರು ಹೇಳಿದ ಪ್ರಕಾರ ಅಂಥ ಒಂದು ವಿಡಿಯೋ ನೂರು ಮಾತಿಗಿಂತ ಮೇಲು.

ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಮಾತನ್ನೂ ಆಡಬೇಕು. ಅಪ್ಪ ಬೆನ್ನಿಗೆ ಪಂಪು ಕಟ್ಟಿ, ಬಾಯಿಗೆ ಒಂದು ಅರಿವೆಯೂ ಇಲ್ಲದೆ ಮೂವತ್ತು ವರ್ಷ ಹೊಡೆದ. ಅದರಿಂದಲೇ ಬಂತು ಎಂದು ನಾನು ಹೇಳಲಾರೆ; ಒಬ್ಬ ಮನುಷ್ಯನ ವಿಷಯದಲ್ಲಿ ಯಾರೂ ಹೇಳಲಾರರು. ಆದರೆ ಈ ನಿದ್ದೆಯ ಕಾಯಿಲೆ ರೈತಾಪಿ ಮಾಡಿದವರಲ್ಲಿ, ಕೀಟನಾಶಕ ಮುಟ್ಟಿದವರಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ ಹೆಚ್ಚು ಕಂಡದ್ದು 2012ರ ಅಧ್ಯಯನವೊಂದರಲ್ಲಿದೆ. ಕಳೆ ಸುಡುವ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಎಂದು ಅಮೆರಿಕದ ರೈತರ ಅಧ್ಯಯನ 2011ರಲ್ಲಿ ಹೇಳಿತು. ಯುರೋಪಿನ ಒಕ್ಕೂಟ ಅದನ್ನು 2007ರಿಂದ ಮಾರಲು ಬಿಟ್ಟಿಲ್ಲ. ನಮ್ಮ ಕಡೆ ಅದು ಮಾರಾಟಕ್ಕಿದೆ ಎಂಬುದು ನನಗೆ ಸಿಟ್ಟು ತರಿಸುತ್ತದೆ. ಕೈಗೆ ಚೀಲ, ಬಾಯಿಗೆ ಅರಿವೆ ಇಲ್ಲದೆ ಮಕ್ಕಳನ್ನು ಪಂಪು ಹೊರಲು ಕಳಿಸಬೇಡಿ. ನಾಟಿ ಮದ್ದಿನ ಬಗ್ಗೆಯೂ ಒಂದು ಮಾತು: ಬೇಲಿಯ ನಸುಗುನ್ನಿ ಬೀಜದಲ್ಲಿ ನಡುಕದ ಮದ್ದು ಇದೆ ಎಂಬುದು ನಿಜ. ಅದರಲ್ಲಿರುವ ಲೆವೊಡೋಪಾವನ್ನು 1937ರಲ್ಲೇ ದಾಮೋದರನ್, ರಾಮಸ್ವಾಮಿ ಎಂಬ ನಮ್ಮ ದೇಶದ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ್ದರು. ಆದರೆ ಆಸ್ಪತ್ರೆಯ ಗುಳಿಗೆಯಲ್ಲಿರುವುದೂ ಅದೇ. ಎರಡೂ ಕೂಡಿದರೆ ಅಳತೆ ತಪ್ಪುತ್ತದೆ, ಡಾಕ್ಟರರಿಗೆ ಹೇಳದೆ ಬೀಜ ಕುಟ್ಟಿ ಕೊಡಬೇಡಿ.

ಗಂಡಸರ ಬಗ್ಗೆಯೇ ಬರೆದೆ, ತಪ್ಪಾಯಿತು. ಆಸ್ಪತ್ರೆಗೆ ಬರುವವರಲ್ಲಿ ಗಂಡಸರೇ ಹೆಚ್ಚು. ಆದರೆ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಜನಸಾಮಾನ್ಯರನ್ನೇ ಮಲಗಿಸಿ ಅಳೆದಾಗ ನೂರಕ್ಕೆ ಒಬ್ಬರಲ್ಲಿ ಇದು ಸಿಕ್ಕಿತು, ಹೆಣ್ಣು ಗಂಡೆಂಬ ಅಂತರ ಕಾಣಲಿಲ್ಲ. ಹಾಗಾದರೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ಹೋದರು? ಗಂಡ ತೀರಿಕೊಂಡ ಮೇಲೆ ಒಳಕೋಣೆಯಲ್ಲಿ ಒಬ್ಬಳೇ ಮಲಗುವ ಅಮ್ಮನ ಕೂಗು ಯಾರ ಕಿವಿಗೆ ಬೀಳಬೇಕು? ಆಶಾ ಅಕ್ಕಂದಿರೇ, ಬಿಪಿ, ಸಕ್ಕರೆ ಕೇಳಲು ಮನೆಗೆ ಹೋದಾಗ ಇದೊಂದು ಮಾತನ್ನೂ ಕೇಳಿರಿ: ನಿದ್ದೆಯಲ್ಲಿ ಕನಸಿನಂತೆ ಕೈಕಾಲು ಆಡಿಸುತ್ತೀರಿ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಜಗತ್ತಿನ ತಜ್ಞರೂ ಹೆಚ್ಚುಕಡಿಮೆ ಇದೇ ಒಂದು ಪ್ರಶ್ನೆಯಿಂದ ಶುರುಮಾಡುತ್ತಾರೆ.

ಕೊನೆಯ ವರ್ಷಗಳಲ್ಲಿ ಅಪ್ಪನ ದನಿ ಕ್ಷೀಣಿಸಿತ್ತು. ನೀರು ಕೇಳಿದರೂ ಬಾಯಿಗೆ ಕಿವಿ ಇಡಬೇಕಾಗುತ್ತಿತ್ತು. ಹೊರಸಿನಿಂದ ಎದ್ದು ಕೂಡ್ರಲು ಇಬ್ಬರು ಬೇಕು. ಆದರೆ ನಸುಕಿನಲ್ಲಿ, ನಿದ್ದೆಯಲ್ಲಿ, ಎರಡು ಹೊಲದಾಚೆ ಕೇಳುವ ಹಾಗೆ ಎತ್ತುಗಳನ್ನು ಕೂಗಿ ಕರೆಯುತ್ತಿದ್ದ. ನಡುಗುವ ಕೈ ನಡುಗದೆ ಮೇಲೇರಿ ಹಗ್ಗ ಜಗ್ಗುತ್ತಿತ್ತು. ನನಗೆ ಭ್ರಮೆ ಅನ್ನಿಸಿತ್ತು. ಪ್ಯಾರಿಸ್‌ನ ವೈದ್ಯರು ಇದನ್ನೂ ಕಂಡು 2007ರಲ್ಲಿ ಬರೆದಿದ್ದಾರೆಂದು ಆಮೇಲೆ ತಿಳಿಯಿತು: ಪಾರ್ಕಿನ್ಸನ್ ಇದ್ದವರು ಈ ಕನಸಿನ ನಿದ್ದೆಯಲ್ಲಿ ಹಗಲಿಗಿಂತ ಚುರುಕಾಗಿ ಕೈ ಆಡಿಸುತ್ತಾರೆ, ದನಿ ಗಟ್ಟಿಯಾಗುತ್ತದೆ. ಅವ್ವ ಆಗ ದೂರ ಗೋಡೆಗೊರಗಿ ಕೂತಿರುತ್ತಿದ್ದಳು. ಬೀಳದ ಹಾಗೆ ಸುತ್ತಲೂ ದಿಂಬು ಒಟ್ಟಿದ್ದಳು. ಎಬ್ಬಿಸುತ್ತಿರಲಿಲ್ಲ. "ಆ ದನಿ ಹಗಲೊತ್ತು ಎಲ್ಲಿ ಕೇಳಬೇಕು ನಾ" ಅಂದಿದ್ದಳು.

ಬರುವ ಪಂಚಮಿಗೆ ಊರಿಗೆ ಬರುತ್ತೇನೆ. ಜೋಕಾಲಿ ಕಟ್ಟುವ ದಿನ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿರುತ್ತೇನೆ. ಗಂಡಸರನ್ನು ಹೊಲಕ್ಕೆ ಕಳಿಸಿ ಬನ್ನಿ. ಯಾರಿಗೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಲು ಜೊತೆ ಬೇಕೋ ಅವರ ಜೊತೆ ಬರುತ್ತೇನೆ. ಹಿಟ್ಟು ನಾದುತ್ತಿದ್ದ ಅಕ್ಕಾ, ನೀವು ಬಂದೇ ಬರಬೇಕು. ಅವ್ವನೂ ಅಲ್ಲೇ ಇರುತ್ತಾಳೆ. ಮೊದಲು ತಾನೇ ಹೇಳುತ್ತೇನೆ ಅಂದಿದ್ದಾಳೆ.

ನಿಮ್ಮೂರ ಮಗಳು